ಬೆಸ್ಸಸ್ ಬ್ಯಾಂಡಿನ ಮಂದ್ರಸ್ವರ: ಒಂದು ಸಣ್ಣ ಊರಿನ ಹಿತ್ತಾಳೆ ವಾದ್ಯಮೇಳ ಮತ್ತು ಅದರ ಟ್ಯೂಬಾ ವಾದಕರು

ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಉತ್ತರಕ್ಕೆ, ಬೆರಿ ಪಟ್ಟಣಕ್ಕೆ ಹೋಗುವ ಹಾದಿಯಲ್ಲಿ, ವೈಟ್‌ಫೀಲ್ಡ್ ಎಂಬ ಸಣ್ಣ ಊರಿದೆ. ಆ ಊರಿನ ಒಂದು ಭಾಗಕ್ಕೆ ಬೆಸ್ಸಸ್ ಓ ದ್ ಬಾರ್ನ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಯ ನೂಲು ಮತ್ತು ನೇಯ್ಗೆಯನ್ನು ನಂಬಿ ಬದುಕಿದ್ದ ಈ ಪ್ರದೇಶದಲ್ಲಿ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಗಿದೆ; ಆದರೆ ಊರಿನ ಹೆಸರನ್ನು ಹೊತ್ತ ಹಿತ್ತಾಳೆ ಬ್ಯಾಂಡ್ ಇನ್ನೂ ಇದೆ. ಬ್ರಿಟನ್ನಿನ ಅತ್ಯಂತ ಹಳೆಯ ಬ್ಯಾಂಡುಗಳಲ್ಲಿ ಅದೂ ಒಂದು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಶಸ್ತಿಗಳ, ನಿರ್ದೇಶಕರ ಮತ್ತು ಕಾರ್ನೆಟ್ (ಸಣ್ಣ ತುತ್ತೂರಿಯಂಥ ವಾದ್ಯ) ವಾದಕರ ಚರಿತ್ರೆಯಾಗಿ ಹೇಳುತ್ತಾರೆ. ಇಂಥ ಬ್ಯಾಂಡಿನ ನಿಜವಾದ ಬೆಳವಣಿಗೆ ತಿಳಿಯಬೇಕಾದರೆ ಹಿಂದಿನ ಸಾಲಿನಲ್ಲಿ ಕೂತು ಟ್ಯೂಬಾ ಎಂಬ ಮಂದ್ರಸ್ವರದ ದೊಡ್ಡ ವಾದ್ಯಗಳನ್ನು ಮಡಿಲಲ್ಲಿ ಹಿಡಿದುಕೊಂಡ ನಾಲ್ವರ ಕಡೆಯಿಂದ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಬ್ಯಾಂಡಿನ ಸ್ವರೂಪ ಬದಲಾದ ಪ್ರತಿಯೊಂದು ಘಟ್ಟದಲ್ಲೂ ಎದುರಾದ ಕಠಿಣ ಸಮಸ್ಯೆ ಮಂದ್ರಸ್ಥಾಯಿಯದ್ದೇ ಆಗಿತ್ತು.

ಬ್ಯಾಂಡ್ ಹುಟ್ಟಿದ್ದು 1818ರ ಸುಮಾರಿಗೆ. ಹತ್ತಿ ಉದ್ಯಮದಲ್ಲಿದ್ದ ಕ್ಲೆಗ್ ಸೋದರರು ಅದನ್ನು ಕಟ್ಟಿದರು. ಆಗ ಅದು ಹಿತ್ತಾಳೆಯ ಬ್ಯಾಂಡ್ ಆಗಿರಲಿಲ್ಲ, ಕ್ಲಾರಿನೆಟ್ಟಿನಂಥ ರೀಡ್ ವಾದ್ಯಗಳೂ (ತೆಳುವಾದ ಜೊಂಡಿನ ಪಟ್ಟಿ ಕಂಪಿಸಿ ನುಡಿಯುವಂಥವು) ಸೇರಿದ್ದ ಮಿಶ್ರ ಮೇಳವಾಗಿತ್ತು. 1821ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಂದರ್ಭದಲ್ಲಿ ಮ್ಯಾಂಚೆಸ್ಟರಿನಲ್ಲಿ ನುಡಿಸಿ ಬಹುಮಾನ ಗೆದ್ದುದನ್ನು ಬ್ಯಾಂಡಿನ ಪರಂಪರೆ ಹೆಮ್ಮೆಯಿಂದ ನೆನೆಯುತ್ತದೆ. ಆ ಕಾಲದ ಊರುಮೇಳಗಳಲ್ಲಿ ಕೆಳಸ್ವರದ ಹೊಣೆ ಹೊರುತ್ತಿದ್ದ ವಾದ್ಯಗಳಲ್ಲಿ ಮುಖ್ಯವಾದದ್ದು ಸರ್ಪೆಂಟ್. ಹೆಸರೇ ಹೇಳುವಂತೆ ಹಾವಿನ ಹಾಗೆ ಸುತ್ತಿಕೊಂಡ, ಚರ್ಮ ಹೊದಿಸಿದ ಮರದ ಕೊಳವೆ ಅದು. ಹದಿನಾರನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಚರ್ಚುಗಳಲ್ಲಿ ಹಾಡುಗಾರರ ದನಿಗೆ ಆಸರೆಯಾಗಿ ಬಳಕೆಗೆ ಬಂದದ್ದು. ಅದರ ಬೆರಳುತೂತುಗಳನ್ನು ತೆರೆದರೆ ಒಂದು ಸ್ವರ ಸ್ಪಷ್ಟವಾಗಿಯೂ ಪಕ್ಕದ್ದು ಮಂಕಾಗಿಯೂ ಕೇಳುತ್ತಿತ್ತು. 1817ರಲ್ಲಿ ಪ್ಯಾರಿಸ್ಸಿನ ವಾದ್ಯತಯಾರಕ ಹಲಾರಿ ರೂಪಿಸಿದ ಆಫಿಕ್ಲೈಡ್ ಲೋಹದ್ದು, ತೂತುಗಳ ಮೇಲೆ ದೊಡ್ಡ ಮುಚ್ಚಳಗಳಿದ್ದದ್ದು, ಹೆಚ್ಚು ಗಟ್ಟಿ ದನಿಯದ್ದು. ಬ್ರಿಟಿಷ್ ಬ್ಯಾಂಡುಗಳು ಅದನ್ನು ಪ್ರೀತಿಯಿಂದ ಅಪ್ಪಿಕೊಂಡು ಹತ್ತೊಂಬತ್ತನೆಯ ಶತಮಾನದ ದ್ವಿತೀಯಾರ್ಧದವರೆಗೂ ಉಳಿಸಿಕೊಂಡವು. ಆದರೂ ಮೂಲ ತೊಂದರೆ ಹೋಗಲಿಲ್ಲ: ತೂತು ತೆರೆಯುತ್ತ ಹೋದಂತೆ ಗಾಳಿಯ ಕಂಬ ಗಿಡ್ಡವಾಗುತ್ತದೆ, ಒಂದೊಂದು ಸ್ವರವೂ ಒಂದೊಂದು ತೂತಿನಿಂದ ಹೊರಬರುವುದರಿಂದ ಎಲ್ಲ ಸ್ವರಗಳಿಗೂ ಒಂದೇ ಮೈಬಣ್ಣ ಸಿಗುವುದಿಲ್ಲ.

ಇದಕ್ಕೆ ಪರಿಹಾರ ಬಂದದ್ದು ವಾಲ್ವಿನ ರೂಪದಲ್ಲಿ. ಅದರ ಕೆಲಸವನ್ನು ಸ್ವಲ್ಪ ನಿಧಾನವಾಗಿ ವಿವರಿಸುವುದು ಅಗತ್ಯ, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಕಹಳೆಯಂಥ ಯಾವುದೇ ವಾದ್ಯದಲ್ಲಿ ಸ್ವರ ಹುಟ್ಟುವುದು ತುಟಿಗಳ ಕಂಪನದಿಂದ. ಆ ಕಂಪನಕ್ಕೆ ಕೊಳವೆಯೊಳಗಿನ ಗಾಳಿ ಸ್ಪಂದಿಸುತ್ತದೆ. ಒಂದು ನಿರ್ದಿಷ್ಟ ಉದ್ದದ ಕೊಳವೆ ಎಲ್ಲ ಸ್ವರಗಳಿಗೂ ಸ್ಪಂದಿಸುವುದಿಲ್ಲ, ಕೆಲವೇ ಕೆಲವು ಸ್ವರಗಳಿಗೆ ಮಾತ್ರ ಸ್ಪಂದಿಸುತ್ತದೆ. ತುಟಿ ಬಿಗಿದಷ್ಟೂ ಆ ಸರಣಿಯಲ್ಲಿ ಮೇಲಕ್ಕೆ ಹೋಗಬಹುದು. ಮೇಲಿನ ಸ್ಥಾಯಿಯಲ್ಲಿ ಈ ಸ್ವರಗಳು ಒತ್ತೊತ್ತಾಗಿರುತ್ತವೆ, ಕೆಳಗೆ ಇಳಿದಂತೆ ಅವುಗಳ ನಡುವಿನ ಅಂತರ ಅಗಲವಾಗುತ್ತದೆ. ಹಾಗಾಗಿ ವಾಲ್ವಿಲ್ಲದ ತುತ್ತೂರಿಯಲ್ಲಿ ತಾರಸ್ಥಾಯಿಯ ರಾಗವನ್ನು ಹೇಗೋ ನುಡಿಸಬಹುದು, ಮಂದ್ರದಲ್ಲಿ ಮಾತ್ರ ಸಾಧ್ಯವೇ ಇಲ್ಲ. ವಾಲ್ವನ್ನು ಒತ್ತಿದಾಗ ಗಾಳಿಯ ದಾರಿಗೆ ಒಂದು ಹೆಚ್ಚುವರಿ ಸುರುಳಿ ಸೇರಿ, ಕೊಳವೆ ಆ ಕ್ಷಣಕ್ಕೆ ಉದ್ದವಾಗುತ್ತದೆ, ಇಡೀ ಸರಣಿ ಕೆಳಕ್ಕೆ ಸರಿಯುತ್ತದೆ. ಮೊದಲನೆಯ ವಾಲ್ವ್ ಸರಣಿಯನ್ನು ಎರಡು ಅರ್ಧಸ್ವರದಷ್ಟು (ಒಂದು ಸ್ಥಾಯಿಯ ಹನ್ನೆರಡು ಸಮಭಾಗಗಳಲ್ಲಿ ಒಂದು ಅರ್ಧಸ್ವರ), ಎರಡನೆಯದು ಒಂದು ಅರ್ಧಸ್ವರದಷ್ಟು, ಮೂರನೆಯದು ಮೂರು ಅರ್ಧಸ್ವರದಷ್ಟು ಇಳಿಸುತ್ತದೆ. ಮೂರನ್ನೂ ಬೇರೆ ಬೇರೆ ರೀತಿಯಲ್ಲಿ ಕೂಡಿಸಿದರೆ ಏಳು ಉದ್ದಗಳು ಸಿಗುತ್ತವೆ. ಯಾವ ಉದ್ದ ಬಳಸಿದರೂ ದನಿ ಹೊರಬರುವುದು ಅದೇ ಅಗಲವಾದ ಬಾಯಿಂದ. ಆದ್ದರಿಂದ ಸ್ವರಗಳ ಬಣ್ಣ ಒಂದೇ ಸಮನಾಗಿರುತ್ತದೆ.

ಜರ್ಮನಿಯಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಪೇಟೆಂಟ್ ಪಡೆದದ್ದು 1818ರಲ್ಲಿ, ಅಂದರೆ ಕ್ಲೆಗ್ ಸೋದರರ ಮೇಳ ಹುಟ್ಟಿದ ಕಾಲಕ್ಕೇ. ಬರ್ಲಿನ್ನಿನ ಸೇನಾಬ್ಯಾಂಡುಗಳ ಮುಖ್ಯಸ್ಥ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ವಾದ್ಯತಯಾರಕ ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್ ಸೇರಿ ಬೇಸ್ ಟ್ಯೂಬಾಕ್ಕೆ ಪೇಟೆಂಟ್ ಪಡೆದದ್ದು 1835ರ ಸೆಪ್ಟೆಂಬರಿನಲ್ಲಿ. ಆದರೆ ಲ್ಯಾಂಕಾಷೈರಿನ ಗಿರಣಿ ಊರುಗಳಿಗೆ ಬಂದದ್ದು ಈ ಜರ್ಮನ್ ಟ್ಯೂಬಾ ಅಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿದ್ದ ಬೆಲ್ಜಿಯಂ ಮೂಲದ ಅಡಾಲ್ಫ್ ಸಾಕ್ಸ್ ಒಂದೇ ಆಕಾರದ, ಸಣ್ಣದರಿಂದ ದೊಡ್ಡದರವರೆಗಿನ ವಾಲ್ವ್ ವಾದ್ಯಗಳ ಇಡೀ ಕುಟುಂಬವನ್ನೇ ರೂಪಿಸಿದ, ಅವೇ ಸಾಕ್ಸ್‌ಹಾರ್ನ್‌ಗಳು. ಡಿಸ್ಟಿನ್ ಎಂಬ ಇಂಗ್ಲಿಷ್ ವಾದಕ ಕುಟುಂಬ ಅವನನ್ನು 1844ರಲ್ಲಿ ಭೇಟಿಯಾಗಿ, ಈ ವಾದ್ಯಗಳನ್ನು ನುಡಿಸುತ್ತ ಊರೂರು ತಿರುಗಿ ಬ್ರಿಟನ್ನಿನಲ್ಲಿ ಜನಪ್ರಿಯಗೊಳಿಸಿತು. 1853ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ನಡೆದ ಮೊದಲ ದೊಡ್ಡ ಬ್ಯಾಂಡ್ ಸ್ಪರ್ಧೆಯಲ್ಲಿ ಗೆದ್ದದ್ದು ಮಾಸ್ಲಿ ಊರಿನ ಮದ್ಯವಿರೋಧಿ ಸಂಘದ ಸಾಕ್ಸ್‌ಹಾರ್ನ್ ಬ್ಯಾಂಡ್. ನೆರೆಹೊರೆಯ ಬ್ಯಾಂಡುಗಳಿಗೆ ಅದು ಕಣ್ಣು ತೆರೆಸಿದ ಗೆಲುವು. ಬೆಸ್ಸಸ್ ಬ್ಯಾಂಡ್ ಪೂರ್ಣ ಹಿತ್ತಾಳೆಯ ಮೇಳವಾದದ್ದೂ ಅದೇ ಕಾಲಘಟ್ಟದಲ್ಲಿ.

ಒಂದೇ ಕುಟುಂಬದ ವಾದ್ಯಗಳು ಎಂಬುದರ ಪರಿಣಾಮ ಗಿರಣಿ ಕೆಲಸಗಾರರ ಮಟ್ಟಿಗೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಗಮನಿಸಬೇಕು. ಹಳೆಯ ಮಿಶ್ರ ಮೇಳದಲ್ಲಿ ಕ್ಲಾರಿನೆಟ್ ಕಲಿತವನಿಗೆ ಸರ್ಪೆಂಟ್ ನುಡಿಸಲು ಬರುತ್ತಿರಲಿಲ್ಲ. ಬೆರಳಿನ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಹೊಸ ಬ್ಯಾಂಡಿನಲ್ಲಿ ಬೇಸ್ ಟ್ರಾಂಬೋನ್ ಒಂದನ್ನು ಬಿಟ್ಟು ಎಲ್ಲ ವಾದ್ಯಗಳ ಸಂಗೀತವನ್ನೂ ಒಂದೇ ಟ್ರೆಬಲ್ ಕ್ಲೆಫ್‌ನಲ್ಲಿ (ಸಾಮಾನ್ಯವಾಗಿ ಮೇಲುಸ್ವರಗಳಿಗೆ ಬಳಸುವ ಸ್ವರಲಿಪಿಯ ಕ್ರಮ) ಬರೆಯುವ ಪದ್ಧತಿ ನೆಲೆಗೊಂಡಿತು. ಕಾಗದದ ಮೇಲೆ ಒಂದೇ ಚಿಹ್ನೆ ಕಂಡಾಗ ಕಾರ್ನೆಟ್ ವಾದಕನೂ ಟ್ಯೂಬಾ ವಾದಕನೂ ಅದೇ ಬೆರಳುಗಳನ್ನು ಒತ್ತುತ್ತಾರೆ. ವಾದ್ಯದ ಗಾತ್ರವೇ ಆ ಸ್ವರವನ್ನು ಬೇಕಾದ ಸ್ಥಾಯಿಗೆ ಇಳಿಸುತ್ತದೆ. ಹತ್ತು ವರ್ಷದ ಹುಡುಗ ಕಾರ್ನೆಟ್ಟಿನಲ್ಲಿ ಕಲಿತದ್ದು ಮೈಬೆಳೆದ ಮೇಲೆ ಟ್ಯೂಬಾ ಹಿಡಿದಾಗ ವ್ಯರ್ಥವಾಗುತ್ತಿರಲಿಲ್ಲ. ಬ್ಯಾಂಡಿನಲ್ಲಿ ಟ್ಯೂಬಾ ವಾದಕನ ಜಾಗ ಖಾಲಿಯಾದರೆ ಹೊರಗಿನಿಂದ ವಾದಕನನ್ನು ತರಬೇಕಾಗಿರಲಿಲ್ಲ. ನಡುಗಾತ್ರದ ವಾದ್ಯಗಳಾದ ಹಾರ್ನ್ ಅಥವಾ ಯೂಫೋನಿಯಂ ನುಡಿಸುವವನೊಬ್ಬನನ್ನು ಹಿಂದಿನ ಸಾಲಿಗೆ ಕಳಿಸಿದರೆ ಸಾಕಿತ್ತು. ಶನಿವಾರ ಮಧ್ಯಾಹ್ನ ಗಿರಣಿ ಮುಚ್ಚುವ ಪದ್ಧತಿ, ಸ್ಪರ್ಧೆಗಳಿಗೆ ಜನರನ್ನು ಒಯ್ಯುವ ಅಗ್ಗದ ರೈಲುಗಳು, ಚಂದಾ ಎತ್ತಿ ವಾದ್ಯ ಕೊಳ್ಳುವ ಊರಿನ ಹಟ, ಇವೆಲ್ಲವೂ ಬ್ಯಾಂಡುಗಳನ್ನು ಬೆಳೆಸಿದವು ಎಂಬುದು ನಿಜ. ಆದರೂ ಸಂಗೀತಶಾಲೆಯ ಮುಖ ಕಾಣದವರು ಇಂಥ ಮಟ್ಟಕ್ಕೆ ಏರಲು ನೆರವಾದದ್ದು ಮುಖ್ಯವಾಗಿ ಈ ಬರವಣಿಗೆಯ ಕ್ರಮ ಎಂದು ನನಗನ್ನಿಸುತ್ತದೆ.

ಟ್ಯೂಬಾ ವಾದ್ಯದ ಒಡೆತನವೂ ಈ ಸಂಸ್ಕೃತಿಯ ಭಾಗ. ಅಷ್ಟು ಹಿತ್ತಾಳೆ, ಅಷ್ಟು ಕುಶಲ ಕೆಲಸ ಬೇಡುವ ವಾದ್ಯವನ್ನು ನೂಲುಗಾರನೊಬ್ಬ ಸ್ವಂತಕ್ಕೆ ಕೊಳ್ಳುವುದು ಸಾಧ್ಯವಿರಲಿಲ್ಲ. ವಾದ್ಯ ಬ್ಯಾಂಡಿನದು, ವಾದಕ ಬದಲಾದರೂ ಅದು ಉಳಿಯುತ್ತಿತ್ತು, ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತಿತ್ತು. ತಂದೆ ನುಡಿಸಿದ್ದನ್ನೇ ಮಗ ನುಡಿಸುವುದೂ ಇಂಥ ಊರುಗಳಲ್ಲಿ ಅಪರೂಪವಾಗಿರಲಿಲ್ಲ.

ಬೆಸ್ಸಸ್ಸಿಗೆ ದೊಡ್ಡ ಹೆಸರು ಬಂದದ್ದು 1880ರ ದಶಕದಲ್ಲಿ ಅಲೆಕ್ಸಾಂಡರ್ ಓವೆನ್ ಅದರ ನಿರ್ದೇಶನ ವಹಿಸಿಕೊಂಡ ಮೇಲೆ. ಓವೆನ್, ಜಾನ್ ಗ್ಲಾಡ್ನಿ ಮತ್ತು ಎಡ್ವಿನ್ ಸ್ವಿಫ್ಟ್ ಎಂಬ ಮೂವರು ಉತ್ತರ ಇಂಗ್ಲೆಂಡಿನ ಬ್ಯಾಂಡುಗಳಿಗೆ ಇಂದಿನ ರೂಪ ಕೊಟ್ಟವರು. ಗ್ಲಾಡ್ನಿ ತರಬೇತಿ ಕೊಟ್ಟ ಮೆಲ್ತಮ್ ಮಿಲ್ಸ್ ಬ್ಯಾಂಡ್ 1876ರಿಂದ 1878ರವರೆಗೆ ಸತತವಾಗಿ ಮೂರು ವರ್ಷ ಬೆಲ್ ವ್ಯೂನಲ್ಲಿ ಗೆದ್ದಾಗ, ಅದರ ವಾದ್ಯವಿನ್ಯಾಸವನ್ನು ಉಳಿದವರೂ ಅನುಸರಿಸಿದರು. ಅದರಿಂದ ಬೆಳೆದುಬಂದ ಈಗಿನ ಕ್ರಮದಲ್ಲಿ ಹಿತ್ತಾಳೆ ವಾದಕರು ಇಪ್ಪತ್ತೈದು ಮಂದಿ. ಅವರಲ್ಲಿ ಟ್ಯೂಬಾ ವಾದಕರು ನಾಲ್ವರು, ಇಬ್ಬರು ಇ-ಫ್ಲ್ಯಾಟ್ ಬೇಸ್ ನುಡಿಸುವವರು, ಇಬ್ಬರು ಅದಕ್ಕಿಂತ ದೊಡ್ಡದಾದ ಬಿ-ಫ್ಲ್ಯಾಟ್ ಬೇಸ್ ನುಡಿಸುವವರು (ಇ-ಫ್ಲ್ಯಾಟ್, ಬಿ-ಫ್ಲ್ಯಾಟ್ ಎಂಬುವು ವಾದ್ಯದ ಮೂಲಸ್ವರದ ಪಾಶ್ಚಾತ್ಯ ಹೆಸರುಗಳು). ಇ-ಫ್ಲ್ಯಾಟ್ ಬೇಸಿನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 4 ಮೀಟರ್, ಬಿ-ಫ್ಲ್ಯಾಟಿನದು ಸುಮಾರು 5.5 ಮೀಟರ್ ಆಗುತ್ತದೆ. ಬ್ಯಾಂಡಿನವರು ಇವನ್ನು ಟ್ಯೂಬಾ ಎನ್ನುವುದಕ್ಕಿಂತ ಬೇಸ್ ಎನ್ನುವುದೇ ಹೆಚ್ಚು.

ನಾಲ್ವರು ಏಕೆ ಬೇಕು ಎಂಬುದಕ್ಕೆ ಉತ್ತರ ಉಸಿರಿನಲ್ಲಿದೆ. ಕೆಳಗಿನ ಸ್ವರ ಗಟ್ಟಿಯಾಗಿ ನಿಲ್ಲಬೇಕಾದರೆ ಕಾರ್ನೆಟ್ಟಿಗೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಾಳಿ ಬೇಕು. ಒಬ್ಬನೇ ವಾದಕ ದೀರ್ಘ ಸ್ವರವೊಂದನ್ನು ಹಿಡಿದರೆ ಕೆಲವೇ ಕ್ಷಣಗಳಲ್ಲಿ ಉಸಿರು ತೆಗೆದುಕೊಳ್ಳಲೇಬೇಕಾಗುತ್ತದೆ. ಇಬ್ಬರಿದ್ದರೆ ಸರದಿಯಂತೆ ಉಸಿರಾಡಬಹುದು, ಕೇಳುವವನಿಗೆ ಸ್ವರ ಎಲ್ಲಿಯೂ ಕಡಿಯದು. ಒಳ್ಳೆಯ ಜೋಡಿ ವಾದಕರು ತಾವು ಎಲ್ಲಿ ಉಸಿರಾಡುತ್ತೇವೆ ಎಂಬುದನ್ನು ಸಂಗೀತದ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿರುತ್ತಾರೆ, ಸಾಲಿನ ನಡುವೆ ಬೇಕೆಂದೇ ಬೇರೆ ಬೇರೆ ಜಾಗಗಳನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಕಚೇರಿಗಳಲ್ಲಿ ತಂಬೂರಿಯ ನಾದ ಎಡೆಬಿಡದೆ ಇರುವುದರಿಂದಲೇ ಹಾಡುಗಾರನಿಗೆ ಶ್ರುತಿಯ ನೆಲೆ ಸಿಗುತ್ತದಲ್ಲ, ಟ್ಯೂಬಾ ಸಾಲಿನ ಮೇಲೂ ಬ್ಯಾಂಡ್ ಅದೇ ರೀತಿ ಒರಗಿ ನಿಂತಿರುತ್ತದೆ. ಆದರೆ ತಂಬೂರಿ ಒಂದೇ ಆಧಾರಸ್ವರವನ್ನು ಹಿಡಿದಿದ್ದರೆ, ಟ್ಯೂಬಾ ಪ್ರತಿ ಮಾತ್ರೆಗೂ ನೆಲೆಯನ್ನು ಬದಲಿಸುತ್ತ ಹೋಗಬೇಕು. ಅದರ ಜೊತೆಗೆ ಲಯದ ಹೊಣೆಯೂ ಅದರದ್ದೇ. 1960ರ ದಶಕದ ಕೊನೆಯವರೆಗೆ ಮುಖ್ಯ ಸ್ಪರ್ಧೆಗಳಲ್ಲಿ ಡ್ರಮ್ಮಿನಂಥ ತಾಳವಾದ್ಯಗಳಿಗೆ ಜಾಗವಿರಲಿಲ್ಲ, ಹಾಗಾಗಿ ನಡೆಯನ್ನು ಕಾಯುವವರು ಬೇಸ್ ವಾದಕರೇ ಆಗಿದ್ದರು.

ಸ್ಪರ್ಧೆಯ ತೀರ್ಪುಗಾರರು ಬ್ಯಾಂಡನ್ನು ನೋಡುವಂತಿರಲಿಲ್ಲ. ಪಕ್ಷಪಾತ ತಪ್ಪಿಸಲು ಅವರನ್ನು ಮುಚ್ಚಿದ ಡೇರೆಯೊಳಗೆ ಕೂರಿಸುತ್ತಿದ್ದರು. ಆ ಪದ್ಧತಿ ಇಂದಿಗೂ ಬಹುಮಟ್ಟಿಗೆ ಉಳಿದಿದೆ. ಯಾರು ನುಡಿಸುತ್ತಿದ್ದಾರೆ ಎಂದು ತಿಳಿಯದೆ, ಬರೀ ಕಿವಿಯಿಂದ ಅಳೆಯುವವನಿಗೆ ಮೊದಲು ಸಿಗುವ ಸುಳಿವು ಬ್ಯಾಂಡಿನ ಶ್ರುತಿಶುದ್ಧಿ, ಆ ಶುದ್ಧಿ ಕೆಡುವುದು ಸಾಮಾನ್ಯವಾಗಿ ಕೆಳಗಿನಿಂದ. ಇಲ್ಲಿಯೇ ವಾಲ್ವಿನ ಒಂದು ಒಳಗಿನ ದೋಷ ಮುಖ್ಯವಾಗುತ್ತದೆ.

ಮೂಲ ಕೊಳವೆಯ ಉದ್ದವನ್ನು 100 ಎಂದುಕೊಳ್ಳೋಣ. ಎರಡು ಅರ್ಧಸ್ವರ ಇಳಿಯಲು ಮೊದಲ ವಾಲ್ವ್ ಸುಮಾರು 12.2ರಷ್ಟು, ಒಂದು ಅರ್ಧಸ್ವರಕ್ಕೆ ಎರಡನೆಯದು ಸುಮಾರು 5.9ರಷ್ಟು, ಮೂರು ಅರ್ಧಸ್ವರಕ್ಕೆ ಮೂರನೆಯದು ಸುಮಾರು 18.9ರಷ್ಟು ಉದ್ದ ಸೇರಿಸಬೇಕು. ಮೂರನ್ನೂ ಒಟ್ಟಿಗೆ ಒತ್ತಿದರೆ ಒಟ್ಟು ಉದ್ದ 137 ಆಗುತ್ತದೆ. ಆದರೆ ಆರು ಅರ್ಧಸ್ವರ ಸರಿಯಾಗಿ ಇಳಿಯಬೇಕಾದರೆ ಬೇಕಾದದ್ದು 141.4. ಕಾರಣ ಸರಳ: ಪ್ರತಿ ಸುರುಳಿಯನ್ನೂ ಮೂಲ ಕೊಳವೆಯ ಲೆಕ್ಕಕ್ಕೆ ಕತ್ತರಿಸಲಾಗಿದೆ, ಬೇರೆ ವಾಲ್ವುಗಳಿಂದ ಕೊಳವೆ ಈಗಾಗಲೇ ಉದ್ದವಾಗಿರುವಾಗ ಅದೇ ಸುರುಳಿ ಸಾಲದೆ ಬರುತ್ತದೆ. ಈ ಕೊರತೆ 5.5 ಮೀಟರಿನ ಬಿ-ಫ್ಲ್ಯಾಟ್ ಬೇಸಿನಲ್ಲಿ ಹೆಚ್ಚುಕಡಿಮೆ 24 ಸೆಂಟಿಮೀಟರ್, ಅಂದರೆ ಒಂದು ಗೇಣು. ಕಿವಿಗೆ ಅದು ಅರ್ಧಸ್ವರದ ಅರ್ಧದಷ್ಟು ಏರಿದ ಸ್ವರವಾಗಿ ಕೇಳುತ್ತದೆ. ಕಾರ್ನೆಟ್ ವಾದಕನಿಗೂ ಇದೇ ದೋಷ ಎದುರಾಗುತ್ತದೆ, ಆದರೆ ಅವನು ಆ ಕೆಳಗಿನ ಸ್ವರಗಳಿಗೆ ಇಳಿಯುವುದು ಅಪರೂಪ. ಇಳಿದರೂ ತುಟಿಯ ಬಿಗಿತದಿಂದ, ಎಳೆದು ಕೊಳವೆಯನ್ನು ಉದ್ದ ಮಾಡುವ ಸಣ್ಣ ಸ್ಲೈಡಿನಿಂದ ಸರಿಪಡಿಸಿಕೊಳ್ಳಬಲ್ಲ. ಟ್ಯೂಬಾ ವಾದಕನ ದಿನನಿತ್ಯದ ಬದುಕೇ ಆ ಕೆಳಗಿನ ಸ್ವರಗಳಲ್ಲಿ.

1874ರಲ್ಲಿ ಲಂಡನ್ನಿನ ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ ಇದಕ್ಕೊಂದು ಸುಂದರ ಪರಿಹಾರ ಕಂಡುಹಿಡಿದರು. ಮೂರನೆಯ ವಾಲ್ವನ್ನು ಒತ್ತಿದಾಗ ಅದರ ಸುರುಳಿಯನ್ನು ಸುತ್ತಿ ಬಂದ ಗಾಳಿ ಮತ್ತೊಮ್ಮೆ ಮೊದಲೆರಡು ವಾಲ್ವುಗಳ ಮೂಲಕವೇ ಹಾದು ಹೋಗುವಂತೆ ದಾರಿ ಮಾಡಿದರು. ಆ ಎರಡು ವಾಲ್ವುಗಳ ಬೆನ್ನಿಗೆ ಪುಟ್ಟ ಹೆಚ್ಚುವರಿ ಸುರುಳಿಗಳಿವೆ. ಮೂರನೆಯದರ ಜೊತೆ ಅವನ್ನೂ ಒತ್ತಿದಾಗ ಮಾತ್ರ ಕೊರತೆಯ ಉದ್ದ ತಾನಾಗಿ ಸೇರಿಕೊಳ್ಳುತ್ತದೆ. ವಾದಕ ಹೊಸ ಬೆರಳುಕ್ರಮ ಕಲಿಯಬೇಕಿಲ್ಲ, ಎಡಗೈಯಿಂದ ಸ್ಲೈಡ್ ಎಳೆಯಬೇಕಿಲ್ಲ. ನಾಲ್ಕನೆಯ ವಾಲ್ವಿಗೂ ಇದೇ ತತ್ತ್ವವನ್ನು ಹೊಂದಿಸಿದ ವಾದ್ಯಗಳು ಬಂದವು. ಬ್ರಿಟಿಷ್ ಬ್ಯಾಂಡಿನ ಟ್ಯೂಬಾದ ಹಿಂಬದಿಯನ್ನು ನೋಡಿದರೆ ವಾಲ್ವುಗಳ ಸುತ್ತ ಹೆಣೆದುಕೊಂಡ ಸಣ್ಣ ಕೊಳವೆಗಳು ಕಾಣುತ್ತವೆ. ಅವು ಬ್ಲೇಕ್ಲಿಯ ಕೊಡುಗೆ. ಗಾಳಿ ಹಾದುಹೋಗುವ ತಿರುವುಗಳು ಹೆಚ್ಚಿದ್ದರಿಂದ ನುಡಿಸಲು ಸ್ವಲ್ಪ ಬಿಗಿ ಎನ್ನಿಸುತ್ತದೆ, ತೂಕವೂ ಜಾಸ್ತಿ. ಆದರೂ ಓವೆನ್ನರಂಥವರು ವರ್ದಿ, ರೊಸ್ಸೀನಿ, ಬರ್ಲಿಯೋಜ್ ಅವರ ಕೃತಿಗಳನ್ನು ಬ್ಯಾಂಡಿಗೆ ಹೊಂದಿಸಿ, ಆರ್ಕೆಸ್ಟ್ರಾದ ಚೆಲ್ಲೋ ಮತ್ತು ಡಬಲ್ ಬೇಸ್ ಸಾಲುಗಳನ್ನು ಟ್ಯೂಬಾಗಳಿಗೆ ವಹಿಸಿದಾಗ, ಅವನ್ನು ಶುದ್ಧವಾಗಿ ನುಡಿಸಲು ಇಂಥ ವಾದ್ಯ ದೊಡ್ಡ ಆಸರೆಯಾಯಿತು. ತಂತಿವಾದ್ಯದ ಬಿಲ್ಲಿಗೆಂದು ಬರೆದ ವೇಗದ ಓಟಗಳನ್ನು ಉಸಿರಿನಲ್ಲಿ ನುಡಿಸುವ ಒತ್ತಾಯದಿಂದಲೇ ಲ್ಯಾಂಕಾಷೈರ್, ಯಾರ್ಕ್‌ಷೈರ್‌ಗಳ ಬೇಸ್ ವಾದಕರ ಕೈಚಳಕ ಬೆಳೆಯಿತು.

ಓವೆನ್ನರ ಕಾಲ ಬೆಸ್ಸಸ್ಸಿನ ಉಚ್ಛ್ರಾಯ. 1903ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬ್ಯಾಂಡ್ ಗೆದ್ದಿತು. 1906–07ರಲ್ಲಿ ಮತ್ತು 1909–11ರಲ್ಲಿ ಎರಡು ಬಾರಿ ಅದು ಉತ್ತರ ಅಮೆರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮುಂತಾದ ಕಡೆಗಳಲ್ಲಿ ನುಡಿಸುತ್ತ ಜಗತ್ತು ಸುತ್ತಿ ಬಂತು. ಹಡಗಿನಲ್ಲಿ, ರೈಲಿನಲ್ಲಿ ಆ ನಾಲ್ಕು ಭಾರಿ ವಾದ್ಯಗಳನ್ನು ಪೆಟ್ಟಾಗದಂತೆ ಸಾಗಿಸುವುದೇ ಒಂದು ಕೆಲಸವಾಗಿರಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಬ್ಯಾಂಡುಗಳಿಗೆ ಈ ಭೇಟಿಗಳು ಮಾದರಿಯಾದವು.

ಭಾರತಕ್ಕೆ ಹಿತ್ತಾಳೆ ಬ್ಯಾಂಡ್ ಬಂದ ದಾರಿ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಾಗಲಿ, ಮೈಸೂರು ದಸರೆಯಲ್ಲಿ ಕೇಳುವ ಪೊಲೀಸ್ ಬ್ಯಾಂಡಾಗಲಿ ಬ್ರಿಟಿಷ್ ಸೇನಾಬ್ಯಾಂಡುಗಳ ಪರಂಪರೆಯಿಂದ ಬಂದವು. ಅವುಗಳಲ್ಲಿ ಕ್ಲಾರಿನೆಟ್ಟು, ಡ್ರಮ್ಮುಗಳಿಗೂ ಪ್ರಮುಖ ಸ್ಥಾನ. ರೀಡ್ ವಾದ್ಯಗಳನ್ನು ಪೂರ್ತಿ ಬಿಟ್ಟು, ಶಂಕುವಿನಾಕಾರದ ಕೊಳವೆಗಳ ಮೃದು ನಾದವನ್ನೇ ಬೆಳೆಸಿದ ಗಿರಣಿ ಬ್ಯಾಂಡಿನ ಮಾದರಿ ಇಲ್ಲಿ ಹೆಚ್ಚು ಬೇರೂರಲಿಲ್ಲ. ಆದ್ದರಿಂದ ಬೆಸ್ಸಸ್ಸಿನಂಥ ಬ್ಯಾಂಡನ್ನು ಮೊದಲ ಸಲ ಕೇಳುವ ಕನ್ನಡಿಗರಿಗೆ ಅದರ ಅಬ್ಬರಕ್ಕಿಂತ ಮೆತ್ತಗಿನ ದನಿ ಆಶ್ಚರ್ಯ ತರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಇನ್ನೊಂದು ಬದಲಾವಣೆ ಶ್ರುತಿಯದ್ದು. ಆರ್ಕೆಸ್ಟ್ರಾಗಳು ಮೊದಲೇ ಕೆಳಗಿನ ಶ್ರುತಿಗೆ ಇಳಿದಿದ್ದರೂ, ಹೊಸ ವಾದ್ಯಗಳ ಖರ್ಚು ಹೊರಲಾರದ ಬ್ಯಾಂಡುಗಳು ಸೆಕೆಂಡಿಗೆ ಸುಮಾರು 452 ಕಂಪನಗಳ ಹಳೆಯ ಏರು ಶ್ರುತಿಯಲ್ಲೇ 1960ರ ದಶಕದವರೆಗೆ ಉಳಿದವು. ಇದರಿಂದ ಆರ್ಗನ್ನಿನ ಜೊತೆಗಾಗಲಿ, ಆರ್ಕೆಸ್ಟ್ರಾದ ಜೊತೆಗಾಗಲಿ ಸೇರಿ ನುಡಿಸುವುದು ಕಷ್ಟವಾಗಿತ್ತು. ತಯಾರಕರು ಏರು ಶ್ರುತಿಯ ವಾದ್ಯಗಳನ್ನು ನಿಲ್ಲಿಸಿದಾಗ ಎಲ್ಲರೂ 440ಕ್ಕೆ ಇಳಿಯಲೇಬೇಕಾಯಿತು. ಕಾರ್ನೆಟ್ಟಿಗೆ 4 ಸೆಂಟಿಮೀಟರಿಗಿಂತ ಕಡಿಮೆ ಉದ್ದ ಸೇರಿಸಿದರೆ ಆಗುತ್ತಿತ್ತು. ಬಿ-ಫ್ಲ್ಯಾಟ್ ಬೇಸಿಗೆ ಬೇಕಾದದ್ದು ಸುಮಾರು 15 ಸೆಂಟಿಮೀಟರ್, ಜೊತೆಗೆ ಪ್ರತಿ ವಾಲ್ವಿನ ಸುರುಳಿಯೂ ಅದೇ ಪ್ರಮಾಣದಲ್ಲಿ ಉದ್ದವಾಗಬೇಕಿತ್ತು.

ಶ್ರುತಿ ಒಂದಾದ ಮೇಲೆ ಬ್ಯಾಂಡಿನ ಲೋಕ ಮತ್ತು ಆರ್ಕೆಸ್ಟ್ರಾದ ಲೋಕದ ನಡುವಿನ ಗೋಡೆ ತಗ್ಗಿತು. ಆರ್ಕೆಸ್ಟ್ರಾದ ಟ್ಯೂಬಾ ವಾದಕರು ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಬಹುಪಾಲು ಎಫ್ ಟ್ಯೂಬಾವನ್ನು ಬಳಸುತ್ತಿದ್ದರು. ಇಂಗ್ಲಿಷ್ ಸಂಗೀತ ರಚನಕಾರ ರಾಲ್ಫ್ ವಾನ್ ವಿಲಿಯಮ್ಸ್ ಟ್ಯೂಬಾಕ್ಕೆಂದು ಬರೆದ ಕನ್ಸರ್ಟೋವನ್ನು (ಒಂಟಿ ವಾದ್ಯ ಮೇಳದ ಜೊತೆ ನುಡಿಯುವ ಕೃತಿ) 1954ರ ಜೂನಿನಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದ ಫಿಲಿಪ್ ಕ್ಯಾಟಲಿನೆಟ್ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಬ್ಯಾಂಡುಗಳಲ್ಲಿ ಬೆಳೆದವರು. ಆದರೂ ಆರ್ಕೆಸ್ಟ್ರಾದಲ್ಲಿ ಅವರ ಕೈಯಲ್ಲಿದ್ದದ್ದು ಎಫ್ ಟ್ಯೂಬಾ. 1968ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿದ ಲೀಡ್ಸ್ ಮೂಲದ ಜಾನ್ ಫ್ಲೆಚರ್ ಬ್ಯಾಂಡಿನವರ ಇ-ಫ್ಲ್ಯಾಟ್ ಬೇಸನ್ನೇ ಆರ್ಕೆಸ್ಟ್ರಾದೊಳಕ್ಕೆ ಒಯ್ದರು. ಅವರ ನಾದ ಎಷ್ಟು ಮನಗೆದ್ದಿತೆಂದರೆ ಒಂದು ತಲೆಮಾರಿನೊಳಗೆ ಬ್ರಿಟಿಷ್ ಆರ್ಕೆಸ್ಟ್ರಾಗಳಲ್ಲಿ ಇ-ಫ್ಲ್ಯಾಟ್ ಟ್ಯೂಬಾ ಸಾಮಾನ್ಯವಾಯಿತು. ನೂಲುಗಾರರ, ಗಣಿ ಕೆಲಸಗಾರರ ವಾದ್ಯ ಕಚೇರಿಸಭಾಂಗಣದ ಗೌರವ ಪಡೆದ ಈ ತಿರುವು ನನಗೆ ಇಡೀ ಚರಿತ್ರೆಯಲ್ಲೇ ಅತ್ಯಂತ ತೃಪ್ತಿ ಕೊಡುವ ಸಂಗತಿ.

ಬೆಸ್ಸಸ್ ಬ್ಯಾಂಡಿನ ಚರಿತ್ರೆ ಫ್ಲೆಚರ್ ಅವರೊಂದಿಗೆ ಕೂಡಿಕೊಳ್ಳುವುದೂ ಇಲ್ಲಿಯೇ. ಹಿತ್ತಾಳೆ ಬ್ಯಾಂಡಿನ ಜೊತೆಯಲ್ಲಿ ಟ್ಯೂಬಾ ಒಂಟಿಯಾಗಿ ನುಡಿಯುವ ಕನ್ಸರ್ಟೋವೊಂದನ್ನು ಬರೆದುಕೊಡಬೇಕೆಂದು ಬ್ಯಾಂಡ್ ಯುವ ಸಂಗೀತ ರಚನಕಾರ ಎಡ್ವರ್ಡ್ ಗ್ರೆಗ್ಸನ್ ಅವರನ್ನು ಕೇಳಿಕೊಂಡಿತು. 1976ರಲ್ಲಿ ವೈಟ್‌ಫೀಲ್ಡಿಗೆ ಸಮೀಪದ ಮಿಡಲ್‌ಟನ್ ಊರಿನ ಸಭಾಂಗಣದಲ್ಲಿ ಫ್ಲೆಚರ್ ಅದನ್ನು ಮೊದಲ ಬಾರಿಗೆ ನುಡಿಸಿದರು. ರಚನಕಾರನಿಗೆ ಇದು ಸುಲಭದ ಕೆಲಸವಲ್ಲ: ಮುಂದೆ ನಿಂತ ಟ್ಯೂಬಾದ ದನಿಯೂ ಹಿಂದೆ ಕೂತ ನಾಲ್ಕು ಟ್ಯೂಬಾಗಳ ದನಿಯೂ ಒಂದೇ ಬಣ್ಣದವು, ಒಂದರಲ್ಲೊಂದು ಮುಳುಗುವ ಅಪಾಯ ಸದಾ ಇರುತ್ತದೆ. ಮೊದಲ ಭಾಗದಲ್ಲಿ ಲಯಪ್ರಧಾನವಾದ ಒಂದು ವಿಷಯ ಮತ್ತು ಹಾಡಿನಂಥ ಇನ್ನೊಂದು ವಿಷಯ ಎದುರುಬದುರಾಗುತ್ತವೆ. ನಡುವೆ ವಾನ್ ವಿಲಿಯಮ್ಸ್ ಅವರ ಕನ್ಸರ್ಟೋದ ಒಂದು ನೆನಪು ಮಿಂಚಿ ಮರೆಯಾಗುತ್ತದೆ. ಎರಡನೆಯ ಭಾಗ ಚರ್ಚಿನ ಗೀತೆಯಂಥ ಸಮೂಹ ನಾದದಿಂದ ಶುರುವಾಗುತ್ತದೆ, ಟ್ಯೂಬಾ ಪ್ರವೇಶಿಸಿದ ಮೇಲೆ ಅದು ನಿಧಾನದ ಹಾಡಾಗಿ ಅರಳುತ್ತದೆ. ಕೊನೆಯ ಭಾಗ ಹಗುರ, ಚುರುಕು, ಒಂದೆಡೆ ಜಾಜ್‌ನ ನಡಿಗೆಯದ್ದು. ಇಂದು ಲೋಕದ ಎಲ್ಲೆಡೆ ಟ್ಯೂಬಾ ವಿದ್ಯಾರ್ಥಿಗಳು ಕಲಿಯುವ ಮುಖ್ಯ ಕೃತಿಗಳಲ್ಲಿ ಇದೂ ಒಂದು, ಆರ್ಕೆಸ್ಟ್ರಾಕ್ಕೂ ಅಳವಡಿಕೆಯಾಗಿದೆ.

ಹತ್ತಿ ಉದ್ಯಮ ಕುಸಿದ ಮೇಲೂ ಬೆಸ್ಸಸ್ 1959ರಲ್ಲಿ ಮತ್ತು 1982ರಲ್ಲಿ ಬ್ರಿಟಿಷ್ ಓಪನ್ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆಯಿತು. ಗೆದ್ದ ಬ್ಯಾಂಡಿನ ದಾಖಲೆಯಲ್ಲಿ ನಿರ್ದೇಶಕನ ಹೆಸರು ಇರುತ್ತದೆ, ಏಕವ್ಯಕ್ತಿ ಬಹುಮಾನ ಬಂದಿದ್ದರೆ ಕಾರ್ನೆಟ್ ಅಥವಾ ಯೂಫೋನಿಯಂ ವಾದಕನ ಹೆಸರೂ ಇರುತ್ತದೆ, ಬೇಸ್ ಸಾಲಿನವರ ಹೆಸರು ಕಾಣುವುದು ಅಪರೂಪ. ಇಂಥ ಬ್ಯಾಂಡನ್ನು ಕೇಳುವ ಅವಕಾಶ ಸಿಕ್ಕಾಗ ಕಾರ್ನೆಟ್ಟುಗಳು ಉಸಿರಿಗಾಗಿ ನಿಲ್ಲುವ ಜಾಗಗಳನ್ನು ಗಮನಿಸಿ. ಅರ್ಧವೃತ್ತಾಕಾರದಲ್ಲಿ ಕೂತ ಬ್ಯಾಂಡಿನ ಹಿಂಬದಿಯಲ್ಲಿ ಬೇಸ್ ವಾದಕರು ಇಬ್ಬಿಬ್ಬರಾಗಿ ಕೂತಿರುತ್ತಾರೆ. ಇ-ಫ್ಲ್ಯಾಟ್ ಮತ್ತು ಬಿ-ಫ್ಲ್ಯಾಟ್ ಬೇಸುಗಳು ಒಂದೇ ಸ್ವರವನ್ನು ಒಂದು ಸ್ಥಾಯಿಯ ಅಂತರದಲ್ಲಿ ಹಿಡಿದಿರುವುದನ್ನೂ, ಬ್ಯಾಂಡ್ ಜೋರಾಗುವಾಗ ಆ ಜೋಡಿಯೇ ಮೊದಲು ಹಿಗ್ಗುವುದನ್ನೂ ಆಗ ಬೇರ್ಪಡಿಸಿ ಕೇಳಬಹುದು.